ತುದಿ ಹರಿದ ಹುಣಸೆ ಎಲೆ

ನಮ್ಮೂರು ನೋಡಬೇಕಾದರೆ ಕಾರ್ತಿಕ ಕಳೆದ ಮೇಲೆ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೇಸಿಗೆಯಲ್ಲಿ ಬಂದರೆ ಧೂಳು, ಮಳೆಗಾಲದಲ್ಲಿ ಕೆಸರು, ಹಬ್ಬಕ್ಕೆ ಬಂದರೆ ಬರೀ ಜನದ ಬೆನ್ನು. ಕಾರ್ತಿಕ ಕಳೆದರೆ ದೀಪಗಳೆಲ್ಲ ಆರಿ, ನೆಂಟರೆಲ್ಲ ಹೊರಟು, ಅಂಗಡಿಯವರು ಮಧ್ಯಾಹ್ನಕ್ಕೇ ಅರ್ಧ ಬಾಗಿಲು ಎಳೆದುಕೊಂಡು ತೂಕಡಿಸುತ್ತಾರೆ. ಬಿಸಿಲಿಗೆ ತ್ರಾಣ ಇರುವುದಿಲ್ಲ. ಕೆರೆ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮನೆಯಲ್ಲಿ ಯಾರೂ ಸತ್ತಿರುವುದಿಲ್ಲ, ಯಾರ ಹತ್ತಿರವೂ ಜಗಳ ಆಗಿರುವುದಿಲ್ಲ, ಆದರೂ ಎದೆಯೊಳಗೆ ಏನೋ ಒಂಥರಾ. ಆ ಒಂಥರಾ ಇದೆಯಲ್ಲ, ಅದಕ್ಕೋಸ್ಕರವೇ ಜನ ದೂರದೂರದಿಂದ ಬಸ್ಸು ಹತ್ತಿ ಬರುತ್ತಾರೆ. ಅವರನ್ನು ಸುತ್ತಾಡಿಸಿ ಊರು ತೋರಿಸುವವಳು ನಾನು, ವಜ್ರಮ್ಮ. ಮೂವತ್ತೊಂದು ವರ್ಷದಿಂದ ಇದೇ ಕಸುಬು.

ಎಲೆಗಳಿಗೋಸ್ಕರವೂ ಬರುತ್ತಾರೆ ಅನ್ನಿ. ನಮ್ಮೂರಲ್ಲಿ ಎಲೆ ಬೀಳುವುದು ನಿಧಾನ. ಬಾದಾಮಿ ಬೀದಿಯ ಮರದಿಂದ ಸೋಮವಾರ ಕಳಚಿಕೊಂಡ ಎಲೆ ಬುಧವಾರ ಸಂಜೆಗೆ ನೆಲ ಕಾಣುತ್ತದೆ. ಗಾಳಿ ಬೀಸಿದರೂ ಜಗ್ಗುವುದಿಲ್ಲ, ನೇರ ಇಳಿಯುತ್ತದೆ. ಕತ್ತಲಾದರೆ ಎಲ್ಲಿತ್ತೋ ಅಲ್ಲೇ ನಿಂತು, ಬೆಳಗಾದ ಮೇಲೆ ಮತ್ತೆ ಹೊರಡುತ್ತದೆ. ಹಾಗಾಗಿ ಆ ಒಂದು ತಿಂಗಳು ಊರ ತುಂಬ, ಆಳೆತ್ತರದಲ್ಲಿ, ಮಾಳಿಗೆಯೆತ್ತರದಲ್ಲಿ, ಕೆಂಪು ಹಳದಿ ಎಲೆಗಳು ತೂಗಿಕೊಂಡಿರುತ್ತವೆ. ಇಳಿಯುವ ಎಲೆಗೆ ಕೈ ಹಾಕಬಾರದು, ಅಷ್ಟೇ. ಮಿಕ್ಕಿದ್ದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಸೈಕಲ್ಲಿನವರು ಎಲೆಗೂ ಬೆಲ್ಲು ಹೊಡೆದು, ಸುತ್ತು ಹಾಕಿಕೊಂಡು ಹೋಗುತ್ತಾರೆ. ಬಸ್ಸು ಊರೊಳಕ್ಕೆ ಬರುವುದಿಲ್ಲ, ಸೇತುವೆಯ ಆಚೆಯೇ ನಿಲ್ಲುತ್ತದೆ. ಹೆಂಗಸರು ಒಗೆದ ಸೀರೆಗಳನ್ನು ನಡುಮನೆಯಲ್ಲೇ ಒಣಗಿಸುತ್ತಾರೆ. ಎತ್ತರದ ಗಂಡಸರು ತಿಂಗಳಿಡೀ ಬಗ್ಗಿ ಬಗ್ಗಿ ಓಡಾಡಿ, ಆಮೇಲೆ ಸೊಂಟ ಹಿಡಿದುಕೊಂಡಿತು ಅಂತ ಗೊಣಗುತ್ತಾರೆ. ನಾನು ಕುಳ್ಳಿ. ನನಗೆ ಆ ತಾಪತ್ರಯ ಇಲ್ಲ.

ಇನ್ನೊಂದು ಪದ್ಧತಿ ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಯಾರಿಗಾದರೂ ಕೇಳಲಾರದ ಮಾತೊಂದು ಕೇಳಬೇಕಿದ್ದರೆ, ಆಗ ತಾನೇ ಕಳಚಿದ ಎಲೆಯೊಂದನ್ನು ಬೆರಳಿಂದ ತೋರಿಸಿ ಕೇಳಬೇಕು. ಕೇಳಿಸಿಕೊಂಡವರು ಆ ಎಲೆ ನೆಲ ಮುಟ್ಟುವುದರೊಳಗೆ ಅದರ ಹತ್ತಿರವೇ ನಿಂತು ಉತ್ತರ ಕೊಡಬೇಕು. ಹೂಂ ಅನ್ನಲಿ, ಊಹೂಂ ಅನ್ನಲಿ. ಏನೂ ಅನ್ನದೆ ಎಲೆ ಬಿದ್ದುಹೋದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಜನ್ಮದಲ್ಲಿ ಇನ್ನೊಂದು ಸಲ ಅದನ್ನು ಎತ್ತುವ ಹಾಗಿಲ್ಲ, ಕೇಳಿದವರೂ, ಕೇಳಿಸಿಕೊಂಡವರೂ. ಎಲೆ ಅದಾಗಿ ಬಂದು ಯಾರ ಮೈಮೇಲಾದರೂ ಕೂತರೆ ಮಾತ್ರ ಅದು ಬಿದ್ದ ಹಾಗಲ್ಲ. ಟೀ ಅಂಗಡಿ ಮುನೀರ್ ಸಾಬರ ತಂದೆ ಒಮ್ಮೆ, ಮಾತು ಬಿಟ್ಟಿದ್ದ ತಮ್ಮನಿಗೆ ಎಲೆ ತೋರಿಸಿ, "ಒಂದಾಗೋಣವೇನೋ?" ಅಂತ ಕೇಳಿದ್ದರು. ಆ ಎಲೆ ಹೋಗಿ ಎಮ್ಮೆ ಬೆನ್ನ ಮೇಲೆ ಕೂತಿತು. ಹನ್ನೊಂದು ದಿನ ಆ ತಮ್ಮ ಎಮ್ಮೆ ಹಿಂದೆ ಹಿಂದೆ ತಿರುಗಿ, ಅದು ಕೆರೆಗಿಳಿಯುವ ಹೊತ್ತಿಗೆ ಓಡಿಹೋಗಿ ಹೂಂ ಅಂದನಂತೆ. ಇದು ನಿಜವಾಗಿ ನಡೆದದ್ದು. ನಾನು ಹೇಳುವ ಬೇರೆ ಕಥೆಗಳ ಬಗ್ಗೆ ಆ ಭರವಸೆ ಕೊಡಲಾರೆ.

ಕೊಡಲಾರೆ ಯಾಕೆಂದರೆ, ಸುಳ್ಳು ಹೇಳದೆ ಊರು ತೋರಿಸಲಿಕ್ಕಾಗುವುದಿಲ್ಲ. ಏನಿದೆ ಸ್ವಾಮಿ ನಮ್ಮೂರಲ್ಲಿ? ನಾಲ್ಕೂ ಇಪ್ಪತ್ತಕ್ಕೆ ನಿಂತುಹೋದ ಒಂದು ಗಡಿಯಾರದ ಗೋಪುರ. ಮುಚ್ಚಿದ ಚಂದ್ರಿಕಾ ಟಾಕೀಸು. ಮೆಟ್ಟಿಲು ಮುರಿದ ಕೆರೆ. ಬಾದಾಮಿ ಬೀದಿ. ಅದರ ಕೊನೆಗೆ ದೊಡ್ಡ ಹುಣಸೆಮರ, ಮರದ ಬುಡದಲ್ಲಿ ಕಡಲೆಕಾಯಿ ಹುರಿಯುವ ಹೊನ್ನಜ್ಜಿ, ಎದುರಿಗೆ ಮುನೀರ್ ಸಾಬರ ಟೀ. ಮುಗೀತು. ಗಡಿಯಾರ ಯಾಕೆ ನಿಂತಿತು ಅಂತ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಚಳಿಯಲ್ಲಿ ಕೈ ಉಜ್ಜಿಕೊಂಡು ಮುಖ ನೋಡುತ್ತ ನಿಂತ ಜನಕ್ಕೆ ಗೊತ್ತಿಲ್ಲ ಅನ್ನಲಿಕ್ಕಾಗುತ್ತದೆಯೇ? ಒಂದು ಗುಂಪಿಗೆ ಮಂಗ ಮುಳ್ಳು ಕಿತ್ತುಕೊಂಡು ಹೋಯಿತು ಅಂದೆ. ಇನ್ನೊಂದು ಗುಂಪಿಗೆ ಕೀಲಿ ಕೊಡುವವನ ಹೆಂಡತಿ ತವರಿಗೆ ಹೋದ ಗಳಿಗೆ ಅದು ಅಂದೆ. ಅವರು ಕಣ್ಣೊರೆಸಿಕೊಂಡರು. ಬಂದವರು ನಾಳೆ ಹೋಗುತ್ತಾರೆ, ಮತ್ತೆ ಸಿಗುವುದಿಲ್ಲ. ಆ ಧೈರ್ಯದ ಮೇಲೆ ನನ್ನ ಬಾಯಿ ಓಡುತ್ತಿತ್ತು. ಗಂಡ ತೀರಿಹೋಗಿ ಹತ್ತೊಂಬತ್ತು ವರ್ಷ. ಮನೆಗೆ ಬಂದರೆ ಗೋಡೆ, ನಾನು. ಬೀದಿಗೆ ಬಂದರೆ ಮೂವತ್ತು ಜನ ನನ್ನ ಬಾಯಿ ನೋಡುತ್ತಾರೆ. ಯಾರಿಗೆ ಬೇಡ ಹೇಳಿ!

ಹಾಗಿರುವಾಗ ಒಬ್ಬರು ಮತ್ತೆ ಸಿಕ್ಕಿದರು. ಧರಣೇಂದ್ರಯ್ಯ ಅಂತ. ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಮೂವತ್ತೈದು ವರ್ಷ ಅಂಗಡಿ ಅಂಗಡಿಗೆ ಹೋಗಿ, ತೂಕದ ಕಲ್ಲು ಸರಿಯಿದೆಯೋ ಇಲ್ಲವೋ ಅಂತ ಭೂತಗನ್ನಡಿ ಹಿಡಿದು ನೋಡಿದ ಮನುಷ್ಯ. ಆ ಕನ್ನಡಿ ಈಗಲೂ ಜೇಬಿನಲ್ಲಿರುತ್ತದೆ. ಕಾಫಿಪುಡಿ ಬಣ್ಣದ ಮಫ್ಲರು, ಕಂಕುಳಲ್ಲಿ ಕೊಡೆ. ಹೆಂಡತಿ ತೀರಿಕೊಂಡ ಮೇಲೆ ಒಂದು ವರ್ಷ ಸುಮ್ಮನೆ ಊರು ನೋಡಲಿಕ್ಕೆ ಬಂದರು. ಮರುವರ್ಷವೂ ಬಂದರು. ಗುಂಪಿನ ಹಿಂದೆ ನಿಂತು, ನಾನು ಮಂಗನ ಕಥೆ ಮುಗಿಸಿದ ಮೇಲೆ ಬೆರಳೆತ್ತಿ, "ಅಮ್ಮಾ, ಹೋದ ವರ್ಷ ನೀವು ಜೇನುಹುಳ ಅಂದಿದ್ದಿರಿ" ಅಂದರು.

ನನಗೆ ಉರಿದುಹೋಯಿತು. "ಹೋದ ವರ್ಷ ಜೇನುಹುಳವೇ ಸಾರ್. ಈ ವರ್ಷ ಮಂಗ. ಗಡಿಯಾರ ಎರಡು ಸಲ ನಿಂತಿದೆ" ಅಂದೆ. ಜನ ನಕ್ಕರು. ಅವರು ನಗಲಿಲ್ಲ, ಹೌದಾ ಅಂತ ತಲೆಯಾಡಿಸಿದರು. ಮನುಷ್ಯ ಪೆದ್ದೋ, ನನ್ನನ್ನೇ ಆಡಿಸುತ್ತಿದ್ದಾನೋ ಅಂತ ತಿಳಿಯಲಿಲ್ಲ. ಹೀಗೆ ಐದು ವರ್ಷ, ಇದು ಆರನೆಯದು. ವರ್ಷವರ್ಷವೂ ಅದೇ ಮಫ್ಲರು, ಅದೇ ಬೆರಳು, ಅದೇ ತಿದ್ದುಪಡಿ. ಐದನೇ ವರ್ಷದ ಹೊತ್ತಿಗೆ ಕಾರ್ತಿಕ ಕಳೆಯುತ್ತಿದ್ದಂತೆ ಬಸ್ಸಿನ ಬಾಗಿಲ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಈ ವರ್ಷ ಬಂದ ಮೊದಲ ದಿನ ಗುಂಪು ಇರಲಿಲ್ಲ, ಅವರೂ ನಾನೂ ಹುಣಸೆಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆವು. ಬೆಳಗಿನ ಒಂಬತ್ತೂವರೆ. ಇದ್ದಕ್ಕಿದ್ದಂತೆ ಅವರು ಎದ್ದು ನಿಂತು, ಮಫ್ಲರು ಸರಿಮಾಡಿಕೊಂಡು, ಮೇಲೆ ನೋಡಿ ಬೆರಳೆತ್ತಿದರು.

"ವಜ್ರಮ್ಮನವರೇ, ಅಗೋ ಆ ಎಲೆ ಸಾಕ್ಷಿ. ಈ ಸಲ ನಾನು ವಾಪಸು ಹೋಗದೆ ಇಲ್ಲೇ ನಿಮ್ಮ ಜೊತೆ ಇದ್ದುಬಿಟ್ಟರೆ, ನಿಮಗೇನಾದರೂ ಅಡ್ಡಿ ಇದೆಯೇ?"

ಬಾಯಲ್ಲಿದ್ದ ಕಡಲೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸಾವರಿಸಿಕೊಂಡು ಮೇಲೆ ನೋಡಿದರೆ ಅಯ್ಯೋ ಭಗವಂತಾ! ನಮ್ಮೂರಿನವರು ಎಲೆ ತೋರಿಸುವಾಗ ಬಾದಾಮಿ ಎಲೆ ತೋರಿಸುತ್ತಾರೆ, ಇಲ್ಲ ತೇಗದ್ದು ತೋರಿಸುತ್ತಾರೆ. ಊಟದ ತಟ್ಟೆಯಷ್ಟಗಲ ಇರುತ್ತದೆ, ಎಲ್ಲಿಂದ ನೋಡಿದರೂ ಕಾಣುತ್ತದೆ. ಈ ಪುಣ್ಯಾತ್ಮ ಹುಣಸೆ ಎಲೆ ತೋರಿಸಿದ್ದರು. ಕಿರುಬೆರಳ ಉಗುರಿನಷ್ಟಿರುವ ಒಂದು ಹಳದಿ ಎಸಳು, ನಲವತ್ತಡಿ ಮೇಲೆ, ಅಂಥದೇ ಸಾವಿರಾರರ ನಡುವೆ.

"ಯಾರು ಸಾರ್ ಹುಣಸೆ ಎಲೆ ತೋರಿಸ್ತಾರೆ?" ಅಂತ ರೇಗಿದೆ. ಉತ್ತರ ಕೊಡುವ ಬದಲು ರೇಗುವುದು ನನಗೆ ಸುಲಭ.

"ಮೊದಲು ಕಳಚಿದ್ದನ್ನೇ ತೋರಿಸಬೇಕಲ್ಲವೇ? ಇದೇ ಮೊದಲು ಕಳಚಿತು. ಆರಿಸಿ ತೋರಿಸಿದರೆ ಮೋಸ ಆಗುತ್ತೆ" ಅಂದರು. ನಿಯಮ ಅಂದರೆ ನಿಯಮ, ಅಳತೆ ಅಂದರೆ ಅಳತೆ. ಈ ಮನುಷ್ಯ ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿರಲಾರರು ಅನ್ನಿಸಿತು ನನಗೆ.

ಹೊನ್ನಜ್ಜಿ ಬಾಣಲೆ ಕೆಳಗಿಟ್ಟು ಎದ್ದಳು. ನಮ್ಮೂರಲ್ಲಿ ಎಲೆ ಕಾವಲು ಅವಳದು. ಎಲೆ ಬಿತ್ತೋ ಬಿದ್ದಿಲ್ಲವೋ ಅಂತ ಅವಳು ಹೇಳಿದ ಮೇಲೆ ಇನ್ನೊಬ್ಬರ ಮಾತಿಲ್ಲ. ಎಂಬತ್ತು ದಾಟಿದೆ, ಕಣ್ಣು ಹದ್ದಿನದು. "ಎಲ್ಲೋ ಅದು? ತೋರಿಸೋ ಇನ್ನೊಂದ್ಸಲ" ಅಂದಳು ಇನ್ಸ್‌ಪೆಕ್ಟರಿಗೆ. ಅವರು ತೋರಿಸಿದರು. "ಹೂಂ, ಕಂಡೆ. ನನ್ನ ಪ್ರಾಣ ತಿನ್ನೋಕೆ ಬಂದಿದೀಯ" ಅಂತ ಬೈದು, ಕುತ್ತಿಗೆ ಮೇಲೆತ್ತಿಕೊಂಡು ಕೂತಳು. ಮುನೀರ್ ಸಾಬರು ಒಂದು ಉದ್ದನೆಯ ಬಿದಿರು ತಂದು ಎಲೆಯ ನೇರಕ್ಕೆ ಪಕ್ಕದಲ್ಲಿ ನೆಟ್ಟರು. ಧರಣೇಂದ್ರಯ್ಯ ಸೀಮೆಸುಣ್ಣದಲ್ಲಿ ಅದರ ಮೇಲೆ ಗೆರೆ ಹಾಕಿ, ಗಂಟೆಗಿಷ್ಟು ಇಳಿಯಿತು ಅಂತ ಲೆಕ್ಕ ಮಾಡಿ, "ನಾಳಿದ್ದು ಮಧ್ಯಾಹ್ನ ಹನ್ನೆರಡೂಕಾಲಿಗೆ ನೆಲ ಮುಟ್ಟುತ್ತೆ" ಅಂತ ಘೋಷಿಸಿದರು. ತಾವು ಕೇಳಿದ ಪ್ರಶ್ನೆಗೆ ತಾವೇ ಹಾಗೆ ಗಡುವು ಹಾಕಿಕೊಂಡು ಸಮಾಧಾನದಿಂದ ಟೀ ಕುಡಿದರು. ನಾನು ಏನೂ ಹೇಳದೆ ಮನೆಗೆ ಹೋದೆ. ಹೋಗಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಮರುದಿನ ಬೆಳಗ್ಗೆ ನನ್ನ ಬಾಗಿಲ ಮುಂದೆ ಕೊಡೆ ಹಿಡಿದು ನಿಂತಿದ್ದರು. "ಇವತ್ತೂ ಗುಂಪು ಇಲ್ಲವಲ್ಲ. ನಾನು ನಿಮಗೆ ಊರು ತೋರಿಸಲೇ?" ಅಂದರು.

"ನನ್ನೂರನ್ನ ನನಗೆ ತೋರಿಸ್ತೀರಾ? ಚೆನ್ನಾಗಿದೆ!" ಅಂದೆ. ಆದರೆ ಚಪ್ಪಲಿ ಮೆಟ್ಟಿಕೊಂಡೆ.

ಆ ದಿನದ ಬಗ್ಗೆ ಹೇಳಬೇಕು. ಮೂವತ್ತೊಂದು ವರ್ಷದಲ್ಲಿ ನಾನು ಆ ಬೀದಿಗಳಲ್ಲಿ ಸುಮ್ಮನೆ ನಡೆದದ್ದೇ ಇಲ್ಲ. ಬಾಯಿ ಮಾತಾಡುತ್ತಿದ್ದರೆ ಕಣ್ಣು ನೋಡುವುದಿಲ್ಲ. ಅವತ್ತು ಮೋಡ ಕವಿದಿತ್ತು. ಬಾದಾಮಿ ಬೀದಿಯಲ್ಲಿ ಕೆಂಪು ಎಲೆಗಳು ನಮ್ಮ ಮುಖದ ಮುಂದೆ, ಭುಜದ ಪಕ್ಕ, ಮಂಡಿಯ ಹತ್ತಿರ ಇಳಿಯುತ್ತಿದ್ದವು. ಒಂದು ಎಲೆ ದಾರಿಗಡ್ಡ ಬಂದರೆ ಅವರು ಕೊಡೆ ಮಡಚಿ ನಿಂತು, ಅದು ದಾಟಿದ ಮೇಲೆ "ಬನ್ನಿ" ಅನ್ನುತ್ತಿದ್ದರು. ಯಾರದೋ ಮನೆಯಲ್ಲಿ ಒಗ್ಗರಣೆ ಹಾಕಿದ ವಾಸನೆ. ಚಂದ್ರಿಕಾ ಟಾಕೀಸಿನ ಗೋಡೆಯ ಮೇಲೆ ಅರ್ಧ ಹರಿದ ಪೋಸ್ಟರಿನಲ್ಲಿ ಒಬ್ಬಳು ಹೆಂಗಸಿನ ಒಂದೇ ಕಣ್ಣು ಉಳಿದಿತ್ತು. ಎಷ್ಟು ಸಲ ಅದರ ಮುಂದೆ ನಿಂತಿದ್ದೇನೆ, ಆ ಕಣ್ಣು ಕಂಡೇ ಇರಲಿಲ್ಲ. ಕೆರೆಯಲ್ಲಿ ದೋಣಿಗಳನ್ನು ಬೋರಲು ಹಾಕಿದ್ದರು. ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ನನ್ನ ಊರು ಇಷ್ಟು ಬೇಸರವಾಗಿದೆಯಾ, ಇಷ್ಟು ಚೆನ್ನಾಗಿದೆಯಾ ಅಂತ ಬೆರಗಾಯಿತು. ಪರವೂರಿನವರು ಯಾಕೆ ಬಸ್ಸು ಹತ್ತಿ ಬರುತ್ತಾರೆ ಅಂತ ಅವತ್ತು ಗೊತ್ತಾಯಿತು.

ಗಡಿಯಾರದ ಗೋಪುರದ ಕೆಳಗೆ ಅವರು ನಿಂತು ಗಂಟಲು ಸರಿಮಾಡಿಕೊಂಡರು. "ಈ ಗಡಿಯಾರ ಮೊದಲನೇ ವರ್ಷ ಜೇನುಹುಳದಿಂದ ನಿಂತಿತು. ಎರಡನೇ ವರ್ಷ ಮಂಗನಿಂದ. ಮೂರನೇ ವರ್ಷ ಕೀಲಿ ಕೊಡುವವನ ಹೆಂಡತಿ ತವರಿಗೆ ಹೋದಳು. ನಾಲ್ಕನೇ ವರ್ಷ ಅವಳೇ ಬಾವಿಗೆ ಬಿದ್ದಳು. ಐದನೇ ವರ್ಷ ಒಬ್ಬ ಮದುಮಗಳು ಮುಹೂರ್ತ ಮೀರಬಾರದು ಅಂತ ಮುಳ್ಳಿಗೆ ಕೂದಲು ಕಟ್ಟಿದಳು. ಈ ವರ್ಷದ್ದು ಇನ್ನೂ ನೀವು ಹೇಳಿಲ್ಲ."

ಮುಖಕ್ಕೆ ರಕ್ತ ನುಗ್ಗಿತು. "ಎಲ್ಲಾ ನೆನಪಿಟ್ಟುಕೊಂಡಿದೀರಾ?"

"ಒಂದನ್ನೂ ಮರೆತಿಲ್ಲ."

"ಎಲ್ಲಾ ಸುಳ್ಳು ಅಂತ ಗೊತ್ತಿತ್ತಾ?"

"ವಜ್ರಮ್ಮನವರೇ, ಮೂವತ್ತೈದು ವರ್ಷ ಕಳ್ಳತೂಕ ಹಿಡಿದವನು ನಾನು" ಅಂದರು. "ಐದನೇ ವರ್ಷದ್ದು ನನಗೆ ಬಹಳ ಇಷ್ಟವಾಯಿತು."

ನನ್ನ ಹೆದರಿಕೆ ಅದೇ ಆಗಿತ್ತು, ನೋಡಿ. ಮದುವೆಯ ಹೆದರಿಕೆ ಅಲ್ಲ, ಜನ ಏನಂದಾರು ಅನ್ನುವುದೂ ಅಲ್ಲ. ನನ್ನ ಕಥೆಗಳು ಒಂದು ದಿನಕ್ಕಾಗುವಷ್ಟು ಇದ್ದವು. ದಿನಾ ಬೆಳಗೆದ್ದು ಅದೇ ಮುಖ ನೋಡುವ ಮನುಷ್ಯನಿಗೆ ಏನು ಹೇಳಲಿ? ಬಂದವರು ಹೋಗುತ್ತಾರೆ ಅಂತ ನಂಬಿಕೊಂಡವಳು, ಹೋಗದೇ ಇರುವವರನ್ನು ಏನು ಮಾಡಲಿ? ಈ ಮನುಷ್ಯ ನೋಡಿದರೆ ನನ್ನ ಚೀಲದ ತಳ ಮೊದಲೇ ನೋಡಿಕೊಂಡಿದ್ದರು. ನೋಡಿಯೂ ಆರು ವರ್ಷ ಬಂದಿದ್ದರು. ಅಲ್ಲೇ ಗೋಪುರದ ಕೆಳಗೇ ನನ್ನ ಉತ್ತರ ತಯಾರಾಯಿತು. ಆದರೆ ಉತ್ತರವನ್ನು ಎಲೆಯ ಹತ್ತಿರ ನಿಂತೇ ಕೊಡಬೇಕು. ಅಲ್ಲದೆ ಒಂದು ದಿನ ಕಾಯಿಸೋಣ, ಅಷ್ಟು ಬೇಗ ಒಪ್ಪಿಕೊಂಡರೆ ಅಗ್ಗವಾಗಿಬಿಡುತ್ತೇನೆ ಅನ್ನುವ ಜಂಬ ಬೇರೆ. ಐವತ್ತೇಳು ವರ್ಷಕ್ಕೂ ಜಂಬ ಹೋಗುವುದಿಲ್ಲ.

ಅವತ್ತು ಸಂಜೆ ಎಲೆ ಅಟ್ಟದೆತ್ತರಕ್ಕೆ ಇಳಿದಿತ್ತು. ಧರಣೇಂದ್ರಯ್ಯ ಮುನೀರ್ ಸಾಬರ ಸ್ಟೂಲು ಹತ್ತಿ, ಎಲೆಗೆ ತಾಗದ ಹಾಗೆ ಒಂದು ಕೈ ಬೆನ್ನಿಗೆ ಕಟ್ಟಿಕೊಂಡು, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದು ನೋಡಿದರು. "ತುದಿ ಹರಿದಿದೆ. ಹುಳ ತಿಂದಿರಬೇಕು" ಅಂದರು. ಹೊನ್ನಜ್ಜಿಯೂ ನೋಡಿ, "ಹೌದು, ಇದೇ ಗುರುತು. ಇನ್ನು ತಪ್ಪಲ್ಲ" ಅಂದಳು. ಊರಿಗೆಲ್ಲ ಸುದ್ದಿಯಾಯಿತು. ವಜ್ರಮ್ಮನ ಎಲೆಯ ತುದಿ ಹರಿದಿದೆಯಂತೆ ಅಂತ ಹಾಲು ಹಾಕುವವಳು ನನಗೇ ಬಂದು ಹೇಳಿದಳು.

ಮೂರನೇ ದಿನ ಬೆಳಗ್ಗೆ ಒಂಬತ್ತಕ್ಕೆ ನಾನು ಮರದ ಹತ್ತಿರ ಹೋದೆ. ಎಲೆ ಸರಿಯಾಗಿ ನನ್ನ ನೆತ್ತಿಯ ಎತ್ತರದಲ್ಲಿತ್ತು. ಪಕ್ಕದಲ್ಲಿ ನಿಂತು ಒಂದು ಗಳಿಗೆ ನೋಡಿದೆ. ಆಗಲೇ ಹೇಳಿಬಿಡಬಹುದಿತ್ತು! ಆದರೆ ಧರಣೇಂದ್ರಯ್ಯ ಇನ್ನೂ ಲಾಡ್ಜಿನಲ್ಲಿ ಸ್ನಾನ ಮಾಡುತ್ತಿದ್ದರು. ಅಷ್ಟರಲ್ಲಿ ಸೇತುವೆಯ ಆಚೆ ಬಸ್ಸು ಬಂತು, ಮೂವತ್ನಾಲ್ಕು ಜನರ ಗುಂಪು. ಹನ್ನೆರಡೂಕಾಲಿಗೆ ಇನ್ನೂ ಮೂರು ಗಂಟೆ ಇದೆಯಲ್ಲ, ಸುತ್ತಿಸಿಕೊಂಡು ಬಂದು ಹೇಳೋಣ ಅಂತ ಹೊರಟೆ.

ಆ ಗುಂಪು ಬಹಳ ಒಳ್ಳೆಯ ಗುಂಪು, ಅದೇ ಗ್ರಹಚಾರ. ಹೇಳಿದ್ದಕ್ಕೆಲ್ಲ ನಗುತ್ತಿದ್ದರು. ಮನಸ್ಸು ಹಗುರವಾಗಿತ್ತು, ನನ್ನ ಬಾಯಿಗೆ ಲಗಾಮೇ ಇರಲಿಲ್ಲ. ಗಡಿಯಾರದ ಕೆಳಗೆ ಈ ವರ್ಷದ ಕಥೆ ಹುಟ್ಟಿಕೊಂಡಿತು. ಒಬ್ಬ ಪರವೂರಿನವನು ಬಸ್ಸು ತಪ್ಪಲಿ ಅಂತ ತಾನೇ ಮೇಲೆ ಹತ್ತಿ ಗಡಿಯಾರ ನಿಲ್ಲಿಸಿದ ಅಂದೆ. "ಆಮೇಲೆ? ಆಮೇಲೆ?" ಅಂದರು. ಆಮೇಲಿನದನ್ನೂ ಕಟ್ಟಿದೆ. ಮಾತಿನ ನಡುವೆ ಕೆರೆಯ ಕಡೆಯಿಂದ ಮಂಜು ಏರಿ ಬಂದದ್ದು ಕಂಡಿತು. ಚೆನ್ನಾಗಿದೆ, ಜನಕ್ಕೆ ಖುಷಿಯಾಗುತ್ತದೆ ಅಂದುಕೊಂಡೆ, ಅಷ್ಟೇ. ಮಂಜು ಬಿದ್ದರೆ ಎಲೆ ತೊಯ್ದು ಭಾರವಾಗುತ್ತದೆ, ಬೇಗ ಇಳಿಯುತ್ತದೆ. ಇದು ನಮ್ಮೂರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಪಾಪ, ಧರಣೇಂದ್ರಯ್ಯನ ಲೆಕ್ಕದಲ್ಲಿ ಅದು ಇರಲಿಲ್ಲ. ನನ್ನ ತಲೆಯಲ್ಲಿ ಇರಬೇಕಿತ್ತು, ನಾನು ಕಥೆ ಹೇಳುತ್ತಿದ್ದೆ.

ಹನ್ನೊಂದೂಮುಕ್ಕಾಲಿಗೆ, ಗುಂಪನ್ನು ಬಾದಾಮಿ ಬೀದಿಯಲ್ಲಿ ಎಲೆ ನೋಡಲು ಬಿಟ್ಟು, ನಾನು ಮರದ ಹತ್ತಿರ ಬಂದಾಗ ಮಂಜು ಕರಗಿತ್ತು. ಬಿದಿರು ಒಂಟಿಯಾಗಿ ನಿಂತಿತ್ತು. ಮುನೀರ್ ಸಾಬರು ನನ್ನ ಮುಖ ನೋಡಲಿಲ್ಲ. ಹೊನ್ನಜ್ಜಿ ಸೆರಗಿನಿಂದ ಮೂಗೊರೆಸಿಕೊಂಡಳು.

"ಒಂದು ಮೊಳ ದೂರ ಕಾಣಲಿಲ್ಲ ಕಣೇ ಆ ಮಂಜಲ್ಲಿ. ಬಿಟ್ಟ ಮೇಲೆ ನೋಡ್ತೀನಿ, ಇಲ್ಲ. ಕಾಣಲಿಲ್ಲ ಅಂದರೆ ಬಿತ್ತು ಅಂತಲೇ ಅಲ್ವಾ? ಎಲ್ಲಿ ಹೋಗಿ ಸತ್ತಿದ್ದೆ ನೀನು?"

"ಅವರು?"

"ಬಿತ್ತು ಅಂದೆ. ಬಿದಿರಿನ ಗೆರೆ ಒಂದ್ಸಲ ನೋಡಿದರು. 'ನನ್ನ ಲೆಕ್ಕ ತಪ್ಪಿತು ಅಜ್ಜಿ' ಅಂದರು. ಹನ್ನೆರಡೂವರೆ ಬಸ್ಸಿಗೆ ಹೊರಡ್ತಾರಂತೆ. ಇನ್ನು ಕೇಳೋ ಹಾಗಿಲ್ಲವಲ್ಲ, ಇದ್ದು ಏನು ಮಾಡ್ತಾರೆ?"

ನಾನು ಬೆಂಚಿನ ಮೇಲೆ ಕುಸಿದೆ. ಇನ್ನೊಬ್ಬರಾಗಿದ್ದರೆ ನಿಯಮ ಮುರಿದು ಇನ್ನೊಂದು ಎಲೆ ತೋರಿಸುತ್ತಿದ್ದರು. ಅವರು ತೋರಿಸುವುದಿಲ್ಲ. ಮುಂದಿನ ವರ್ಷ ಬರುವುದೂ ಇಲ್ಲ, ಬಂದರೆ ಕಣ್ಣಲ್ಲಾದರೂ ಕೇಳಿದ ಹಾಗಾಗುತ್ತದೆ ಅಂತ. ನನಗೆ ಅವರು ಚೆನ್ನಾಗಿ ಗೊತ್ತಿದ್ದರು. ಗೋಪುರದ ಕೆಳಗೆ ಬೆರಳೆತ್ತುವವರು ಯಾರೂ ಇಲ್ಲದೆ ನಾನು ಮಂಗನ ಕಥೆ ಹೇಳುವುದನ್ನು ನೆನೆಸಿಕೊಂಡೆ. ಅಳು ಬಂತು. ಜೋರಾಗಿಯೇ ಅತ್ತೆ.

ಅತ್ತು ಮುಗಿದ ಮೇಲೆ ನೆಲ ನೋಡಿದೆ. ಹುಣಸೆ ಎಲೆ ನೆಲದ ತುಂಬ ಅರಿಶಿನ ಚೆಲ್ಲಿದ ಹಾಗೆ ಬಿದ್ದಿತ್ತು. ಹೊನ್ನಜ್ಜಿ ಕಡಲೆಕಾಯಿ ಮೂಟೆ ಕಟ್ಟಲು ಆ ಕಡೆ ತಿರುಗಿದ್ದಳು. ಮುನೀರ್ ಸಾಬರು ಒಲೆಗೆ ಬಗ್ಗಿದ್ದರು. ನಾನು ಬಗ್ಗಿ ಒಂದು ಎಲೆ ಎತ್ತಿಕೊಂಡೆ. ಮುಚ್ಚಿಡುವುದೇನು, ಎತ್ತಿಕೊಂಡೆ. ತುರುಬಿಗೆ ಸಿಕ್ಕಿಸಿಕೊಂಡೆ. ನೆಲ ಮುಟ್ಟಿದ ಎಲೆ ಎತ್ತಿ, ಬಿದ್ದೇ ಇಲ್ಲ ಅಂದವರು ನಮ್ಮೂರ ಚರಿತ್ರೆಯಲ್ಲೇ ಯಾರೂ ಇಲ್ಲ. ಮೂವತ್ತೊಂದು ವರ್ಷ ಗಡಿಯಾರಕ್ಕೂ ಕೆರೆಗೂ ಸುಳ್ಳು ಹೇಳಿದ್ದೇನೆ, ನನಗೋಸ್ಕರ ಒಂದು ಹೇಳಿದರೆ ಏನಾಗುತ್ತದೆ ಅಂತ ಎದ್ದು ನಿಂತೆ.

"ಮುನೀರಣ್ಣ, ನನ್ನ ತಲೇಲಿ ಏನೋ ಚುಚ್ಚಿದ ಹಾಗಾಗ್ತಿದೆ, ಏನು ನೋಡಿ" ಅಂದೆ.

ಸಾಬರು ನೋಡಿದರು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ವಜ್ರಕ್ಕ! ಎಲೆ! ನಿಮ್ಮ ತುರುಬಿನ ಮೇಲೆ ಕೂತಿದೆ! ಬೆಳಗ್ಗೆ ಅದರ ಪಕ್ಕದಲ್ಲೇ ನಿಂತಿದ್ದಿರಲ್ಲ!"

"ಅಲ್ಲಾಡಬೇಡ!" ಅಂತ ಹೊನ್ನಜ್ಜಿ ಕೂಗಿದಳು. "ಮೈಮೇಲೆ ಕೂತಿದ್ದರೆ ಬಿದ್ದ ಹಾಗಲ್ಲ. ನಡಿ, ನಡಿ, ಬಸ್ಸು ಹೊರಟೀತು! ಮೆಲ್ಲಗೆ ನಡೀಯೇ, ಬೀಳಿಸಿಬಿಟ್ಟೀಯ!"

ಓಡಬೇಕು, ತಲೆ ಅಲುಗಬಾರದು. ತುಂಬಿದ ಕೊಡ ಹೊತ್ತವಳ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ನಾನು ಬಾದಾಮಿ ಬೀದಿಯಲ್ಲಿ ನಡೆದೆ. ಹಿಂದೆ ಹೊನ್ನಜ್ಜಿ, ಅವಳ ಹಿಂದೆ ಸೌಟು ಹಿಡಿದ ಮುನೀರ್ ಸಾಬರು, ಅವರ ಹಿಂದೆ ಇದೂ ಊರು ನೋಡುವುದರಲ್ಲಿ ಸೇರಿದೆ ಅಂದುಕೊಂಡ ಮೂವತ್ನಾಲ್ಕು ಜನ. ಇಳಿಯುತ್ತಿದ್ದ ಕೆಂಪು ಎಲೆಗಳನ್ನು ಬಳಸಿಕೊಂಡು ಅಷ್ಟೂ ಜನ ಹಾವಿನ ಹಾಗೆ ಸಾಗಿದೆವು. ಸೇತುವೆ ದಾಟುವಾಗ ಡ್ರೈವರು ಬಸ್ಸಿನ ಎಂಜಿನ್ ಚಾಲೂ ಮಾಡಿದ್ದ.

ಧರಣೇಂದ್ರಯ್ಯ ಕಿಟಕಿಯ ಪಕ್ಕ ಕೂತಿದ್ದರು. ಮಡಿಲಲ್ಲಿ ಕೊಡೆ. ಮುಖ ಬಾಡಿಹೋಗಿತ್ತು. ನಮ್ಮ ಮೆರವಣಿಗೆ ನೋಡಿ ಗಾಬರಿಯಾಗಿ ಇಳಿದು ಬಂದರು.

"ಎಲೆ ಬಿದ್ದಿಲ್ಲಪ್ಪಾ!" ಹೊನ್ನಜ್ಜಿ ಏದುಸಿರು ಬಿಡುತ್ತ ಹೇಳಿದಳು. "ಇವಳ ತುರುಬಿನ ಮೇಲೆ ಕೂತಿದೆ. ಆದರೂ ನಾನು ಕಣ್ಣಾರೆ ನೋಡದೆ ಹೇಳೋಳಲ್ಲ. ಎಲೆ ತೋರಿಸಿದೋನು ನೀನು, ನೀನೇ ತೆಗೆದು ಕೊಡು. ತುದಿ ಹರಿದಿದೆಯೋ ಇಲ್ಲವೋ ನೋಡೋಣ."

ತುದಿ! ಅಯ್ಯೋ ನನ್ನ ಹಾಳು ಬುದ್ಧಿಯೇ! ಊರಿಗೆಲ್ಲ ಗೊತ್ತಿದ್ದ ಗುರುತು, ಹಾಲಿನವಳು ಬಂದು ಹೇಳಿದ ಗುರುತು, ಎತ್ತಿಕೊಳ್ಳುವ ಆತುರದಲ್ಲಿ ನನಗೆ ಮರೆತೇ ಹೋಗಿತ್ತು. ನಾನು ಎತ್ತಿದ ಎಲೆಯ ತುದಿ ದುಂಡಗಿತ್ತು, ಅದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು.

ಅವರು ಎರಡು ಬೆರಳಲ್ಲಿ ನನ್ನ ತುರುಬಿನಿಂದ ಎಲೆ ತೆಗೆದರು. ಜೇಬಿನಿಂದ ಭೂತಗನ್ನಡಿ ತೆಗೆದರು. ಬೆಳಕು ಸಾಲದು ಅನ್ನುವ ಹಾಗೆ ಜನರಿಗೆ ಬೆನ್ನು ಮಾಡಿ, ನನ್ನ ಕಡೆಗೆ ತಿರುಗಿದರು. ಕನ್ನಡಿಯೊಳಗಿಂದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು, ಹಾಗೇ ನೋಡಿದೆ. ಮಂಗನ ಕಥೆ ಹೇಳುವಾಗಲೂ ನಾನು ತಲೆ ತಗ್ಗಿಸುವವಳಲ್ಲ.

"ಈ ವರ್ಷ ಗಡಿಯಾರ ಹೇಗೆ ನಿಂತಿತು ಅಂತ ಹೇಳಲೇ ಇಲ್ಲ ನೀವು" ಅಂದರು, ನನಗೊಬ್ಬಳಿಗೇ ಕೇಳುವ ಹಾಗೆ.

"ಒಬ್ಬ ಪರವೂರಿನವನು ನಿಲ್ಲಿಸಿದ" ಅಂದೆ. "ಬಸ್ಸು ತಪ್ಪಲಿ ಅಂತ."

ಅವರು ಹೂಂ ಅಂತ ತಲೆಯಾಡಿಸಿದರು. ಕನ್ನಡಿಯನ್ನು ಜೇಬಿಗೆ ಹಾಕಿದರು. ಆಮೇಲೆ ಮೂವತ್ತೈದು ವರ್ಷ ಒಂದು ಗುಲಗಂಜಿ ತೂಕದ ಮೋಸ ಮಾಡದ ಆ ಮನುಷ್ಯ, ಹೆಬ್ಬೆರಳಿನ ಉಗುರಿನಿಂದ ಎಲೆಯ ತುದಿಯನ್ನು ಚಿವುಟಿದರು. ತಿರುಗಿ, ಹೊನ್ನಜ್ಜಿಯ ಅಂಗೈ ಮೇಲೆ ಇಟ್ಟರು.

ಹೊನ್ನಜ್ಜಿ ಎಲೆಯನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಒಂದು ಸಲ ಅವರ ಉಗುರು ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು. ಅವಳ ಕಣ್ಣು ಹದ್ದಿನದು ಅಂತ ಮೊದಲೇ ಹೇಳಿದ್ದೇನೆ.

"ತುದಿ ಹರಿದಿದೆ. ಇದೇ ಎಲೆ" ಅಂದಳು. ಎಲೆಯನ್ನು ಮತ್ತೆ ನನ್ನ ತುರುಬಿಗೆ ಇಟ್ಟಳು. "ಹೇಳೇ ಮಹಾರಾಯ್ತಿ. ಇನ್ನೂ ಕಥೆ ಸುತ್ತಬೇಡ, ಎರಡು ಮಾತಲ್ಲಿ ಹೇಳು."

ಡ್ರೈವರು ಎಂಜಿನ್ ನಿಲ್ಲಿಸಿದ. ಮೂವತ್ನಾಲ್ಕು ಜನ ನನ್ನ ಬಾಯಿ ನೋಡುತ್ತಿದ್ದರು. ಅಷ್ಟು ಜನ ಇದ್ದೂ ನನ್ನ ಬಾಯಿಗೆ ಮಾತು ಸಿಗದೇ ಹೋದದ್ದು ಅದೇ ಮೊದಲು.

"ಅಡ್ಡಿ ಇಲ್ಲ" ಅಂದೆ.